ಬ್ರ್ಯಾಂಡ್ ಹಾಸನಕ್ಕೆ ಬಂತು, ನಾನು ಚಿಕ್ಕಪೇಟೆಗೆ ಹೊರಟೆ

ಬ್ರ್ಯಾಂಡ್ ಬಟ್ಟೆ ಬೇಕು ಅಂದರೆ ಬೆಂಗಳೂರಿಗೇ ಹೋಗಬೇಕು ಅನ್ನುವ ಕಾಲ ಹಾಸನದವರಿಗೆ ಯಾವತ್ತೋ ಮುಗಿಯಿತು. ಬಿ.ಎಂ. ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ಬೆಂಗಳೂರಿನ ಮಾಲ್‌ಗಳಲ್ಲಿ ಕಾಣುವ ಎಷ್ಟೋ ಬೋರ್ಡುಗಳು ಇಲ್ಲೇ ಕಾಣುತ್ತವೆ. ಅದೇ ಎಸಿ, ಅದೇ ಹಾಡು, ಟ್ರಯಲ್ ರೂಮಿನ ಮುಂದೆ ಅದೇ ಸಾಲು. ಒಳಗೆ ಹೋದವರು ಎಷ್ಟು ಹೊತ್ತಾದರೂ ಹೊರಗೆ ಬರಲ್ಲ, ಬೇಲೂರಿನ ದರ್ಪಣ ಸುಂದರಿಯೂ ಕನ್ನಡಿ ಮುಂದೆ ಇಷ್ಟು ಹೊತ್ತು ನಿಂತಿರಲಿಕ್ಕಿಲ್ಲ. ಇಲ್ಲಿ ಸಿಗದ್ದು ಫೋನಿನಲ್ಲಿ ಸಿಗುತ್ತದೆ. ಆದರೂ ನಾನು ಬಟ್ಟೆಗೆ ಅಂತಲೇ ಬೆಂಗಳೂರಿಗೆ ಹೋಗುವುದು ಕಮ್ಮಿಯಾಗಿಲ್ಲ, ಜಾಸ್ತಿಯೇ ಆಗಿದೆ. "ಎಲ್ಲಾ ಇಲ್ಲೇ ಸಿಗೋವಾಗ ಅಲ್ಲಿಗೆ ಯಾಕಮ್ಮ ಅಷ್ಟು ದೂರ?" ಅಂತ ನಮ್ಮತ್ತೆ ಕೇಳುತ್ತಿರುತ್ತಾರೆ. ಅದನ್ನು ಬಾಗಿಲಲ್ಲಿ ನಿಂತು ಚಪ್ಪಲಿ ಹಾಕಿಕೊಳ್ಳುತ್ತಾ ಹೇಳಿ ಮುಗಿಸೋಕೆ ಆಗಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲೆಲ್ಲ ನಾವು ಹೋಗುತ್ತಿದ್ದದ್ದು ಅಂಗಡಿಯ ಹೆಸರಿಗೆ. 2004ರಲ್ಲಿ ಕೋರಮಂಗಲದಲ್ಲಿ ಫೋರಂ ಮಾಲ್ ಶುರುವಾದಾಗ ಹಾಸನದ ಇಂಜಿನಿಯರಿಂಗ್ ಹುಡುಗರಿಗೆ ಅದೊಂದು ಯಾತ್ರೆ. ಅಲ್ಲಿಗೆ ಹೋಗಿ, ಇಡೀ ದಿನ ಎಸ್ಕಲೇಟರ್ ಹತ್ತಿ ಇಳಿದು, ಕೊನೆಗೆ ಎರಡು ಕರ್ಚೀಫೋ ಒಂದು ಜೊತೆ ಸಾಕ್ಸೋ ತಗೊಂಡು, ಕೌಂಟರಿನಲ್ಲಿ ದೊಡ್ಡ ಕವರ್ ಕೇಳಿ ಇಸ್ಕೊಂಡು ಬರುತ್ತಿದ್ದರು. ಆ ಕವರ್ ಎಷ್ಟೋ ತಿಂಗಳು ಮನೆ ಬಾಗಿಲ ಹಿಂದಿನ ಮೊಳೆಗೆ ನೇತಾಡಿಕೊಂಡಿರುತ್ತಿತ್ತು. ಬಟ್ಟೆ ಹಳೆಯದಾದರೂ ಕವರ್ ಮಾತ್ರ ಬಿಸಾಡುತ್ತಿರಲಿಲ್ಲ.

ಆ ಹೆಸರುಗಳಾದರೂ ಎಂಥವು! ಲೂಯಿ ಫಿಲಿಪ್, ವ್ಯಾನ್ ಹ್ಯೂಸನ್, ಅಲೆನ್ ಸಾಲಿ, ಪೀಟರ್ ಇಂಗ್ಲೆಂಡ್. ಕೇಳಿದರೆ ಎಲ್ಲ ಈಗಷ್ಟೇ ವಿಮಾನದಿಂದ ಇಳಿದ ಹಾಗೆ. ಹೆಸರುಗಳು ಹೊರಗಿನವೇ, ಸುಳ್ಳಲ್ಲ. ಅಲೆನ್ ಸಾಲಿ 1744ರಷ್ಟು ಹಳೆಯ ಇಂಗ್ಲಿಷ್ ಹೆಸರು, ಪೀಟರ್ ಇಂಗ್ಲೆಂಡ್ 1889ರಲ್ಲಿ ಐರ್ಲೆಂಡಿನಲ್ಲಿ ಶುರುವಾದದ್ದು. ಆದರೆ ಅಲೆನ್ ಸಾಲಿಯನ್ನು 1993ರಲ್ಲಿ, ಪೀಟರ್ ಇಂಗ್ಲೆಂಡನ್ನು 1997ರಲ್ಲಿ ನಮ್ಮ ಮಾರುಕಟ್ಟೆಗೆ ತಂದದ್ದು ಮಧುರಾ ಗಾರ್ಮೆಂಟ್ಸ್. ಆಮೇಲೆ ಆದಿತ್ಯ ಬಿರ್ಲಾದವರ ಕೈಗೆ ಹೋಯಿತು. ಕಾರುಬಾರು ನಡೆಯುವುದು ಬೆಂಗಳೂರಿನಿಂದಲೇ. ನಮ್ಮ ಚಿಕ್ಕಪ್ಪ ಅವರ ಮದುವೆಯ ಪೀಟರ್ ಇಂಗ್ಲೆಂಡ್ ಶರ್ಟನ್ನು ಇವತ್ತಿಗೂ ಫಾರಿನ್ ಶರ್ಟು ಅಂತಲೇ ಹೇಳೋದು. ಹೇಳಲಿ ಬಿಡಿ, ಅವರ ಮದುವೆ, ಅವರ ಶರ್ಟು.

ವೆಸ್ಟ್‌ಸೈಡ್ ಕಥೆಯೂ ಬೆಂಗಳೂರಿನದೇ. ಟಾಟಾದವರು ತಮ್ಮ ಲ್ಯಾಕ್ಮೆಯನ್ನು ಹಿಂದೂಸ್ತಾನ್ ಲಿವರ್‌ಗೆ ಮಾರಿ ಬಟ್ಟೆ ಅಂಗಡಿಗೆ ಇಳಿದರು. 1998ರಲ್ಲಿ ಲಿಟಲ್‌ವುಡ್ಸ್ ಅನ್ನುವ ಇಂಗ್ಲೆಂಡಿನ ಕಂಪನಿ ಬೆಂಗಳೂರಿನಲ್ಲಿ ಇಟ್ಟಿದ್ದ ಅಂಗಡಿಯನ್ನು ಕೊಂಡು ಅದನ್ನೇ ವೆಸ್ಟ್‌ಸೈಡ್ ಮಾಡಿದರು. ಟಾಟಾದವರ ಆ ಬಟ್ಟೆ ಅಂಗಡಿ ಕಂಪನಿಯ ಹೆಸರು ಟ್ರೆಂಟ್, ಅಗ್ಗದ ಬಟ್ಟೆಗೆ ಅಂತ ಅದು ಆಮೇಲೆ ಹುಟ್ಟಿಸಿದ್ದು ಜೂಡಿಯೋ. 2024ರ ಮಾರ್ಚ್ ಹೊತ್ತಿಗೆ 545 ಜೂಡಿಯೋ ಅಂಗಡಿಗಳಿದ್ದವು, ಒಂದೇ ವರ್ಷದಲ್ಲಿ ಅದು 765 ಆಯಿತು. ಅಣ್ಣನಾದ ವೆಸ್ಟ್‌ಸೈಡ್ ಇನ್ನೂ 248ರಲ್ಲೇ ಇತ್ತು. ಅಷ್ಟು ಅಂಗಡಿಗಳು ಬರೀ ಮುಂಬೈ ಬೆಂಗಳೂರಿನಲ್ಲಿ ಹಿಡಿಸುತ್ತವಾ? ನಮ್ಮಂಥ ಜಿಲ್ಲಾ ಕೇಂದ್ರಗಳಿಗೆ ಬರಲೇಬೇಕು. ಬೆಲೆ ಸಾವಿರದೊಳಗೆ, ಜಾಹೀರಾತು ಇಲ್ಲ ಅನ್ನುವಷ್ಟು ಕಮ್ಮಿ, ಸೇಲ್ ಗೀಲ್ ಅಂತ ತಲೆನೋವಿಲ್ಲ. ನಾನೇನೂ ದೂರುತ್ತಿಲ್ಲ. ಡಿಗ್ರಿ ಓದುವ ಹುಡುಗಿ ತನ್ನ ಪಾಕೆಟ್ ಮನಿಯಲ್ಲಿ ಯಾರನ್ನೂ ಕೇಳದೆ ಒಂದು ಟಾಪ್ ತಗೊಳ್ಳಬಹುದು ಅಂದರೆ ಅದು ಸಣ್ಣ ವಿಷಯ ಅಲ್ಲ.

ಆದರೆ ಒಂದೇ ಅಚ್ಚಿನ ಬಟ್ಟೆ ಊರೂರಿಗೂ ಬಂದರೆ ಏನಾಗುತ್ತೆ ಅನ್ನುವುದನ್ನು ಹಾಸನದ ಒಂದು ಕಲ್ಯಾಣ ಮಂಟಪದಲ್ಲಿ ನೋಡಿದೆ. ಆರತಕ್ಷತೆಯ ಸಾಲಿನಲ್ಲಿ ಒಂದೇ ಕುರ್ತಾ ಹಾಕಿಕೊಂಡ ಮೂವರು ಹುಡುಗಿಯರು. ಸಾಸಿವೆ ಬಣ್ಣ, ಕತ್ತಿನ ಸುತ್ತ ಕನ್ನಡಿ ಕೆಲಸ. ಒಬ್ಬಳು ಹುಡುಗಿ ಕಡೆಯವಳು, ಇಬ್ಬರು ಹುಡುಗನ ಕಡೆಯವರು, ಒಬ್ಬರಿಗೊಬ್ಬರು ಪರಿಚಯವೇ ಇಲ್ಲ. ಮೊದಲು ಮುಖ ಸಪ್ಪಗೆ ಮಾಡಿಕೊಂಡರು, ಆಮೇಲೆ ಮೂವರೂ ಒಟ್ಟಿಗೆ ನಿಂತು ಫೋಟೋ ತೆಗೆಸಿಕೊಂಡರು. ನಾವಾಗಿದ್ದರೆ ಮನೆಗೆ ಹೋಗಿ ಅತ್ತುಬಿಡುತ್ತಿದ್ದೆವು, ಈಗಿನ ಮಕ್ಕಳು ವಾಸಿ.

ಬ್ರ್ಯಾಂಡಿನ ಅಂಗಡಿ ಏನು ತಂತು ಅಂತ ಎಲ್ಲರಿಗೂ ಗೊತ್ತು. ಅದು ತರದೇ ಬಿಟ್ಟದ್ದು ಬಹಳ ಇದೆ. ರವಿಕೆಗೆ ಸರಿಯಾಗಿ ಹೊಂದುವ ಲೈನಿಂಗ್, ಅಗಲ ಪನ್ನದ ಹತ್ತಿ ಬಟ್ಟೆ, ಮಗಳ ಲಂಗಕ್ಕೆ ಅಂಚು, ಕುಚ್ಚಿಗೆ ರೇಷ್ಮೆ ದಾರ, ಹಳೇ ಕೋಟಿಗೆ ಹೊಸ ಗುಂಡಿ. ಸಂತೆಪೇಟೆ ಕಡೆ ಇವೆಲ್ಲ ಸಿಗಲ್ಲ ಅಂತಲ್ಲ. ಸಿಗುತ್ತವೆ. ಆದರೆ ಹಸಿರು ಅಂದರೆ ಇಲ್ಲಿ ನಾಲ್ಕೈದು ಹಸಿರು. ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಒಂದು ಗೋಡೆ ಪೂರ್ತಿ ಹಸಿರು. ಎಲೆ ಹಸಿರು, ಗಿಳಿ ಹಸಿರು, ಪಾಚಿ ಹಸಿರು, ಇನ್ನು ಕೆಲವು ಹಸಿರಿಗೆ ನಂಬರ್ ಬಿಟ್ಟು ಬೇರೆ ಹೆಸರೇ ಇಲ್ಲ. ನಾನು ರೈಲು ಹತ್ತುವುದು ಆ ಗೋಡೆಗೋಸ್ಕರ.

ರೈಲಿನ ಮಾತು ಬಂತು, ಹೇಳಿಬಿಡುತ್ತೇನೆ, ಹೊಸದಾಗಿ ಹೋಗುವವರಿಗೆ ಅನುಕೂಲ. ಮೊದಲು ಹಾಸನದಿಂದ ಬೆಂಗಳೂರಿಗೆ ರೈಲು ಅಂದರೆ ಅರಸೀಕೆರೆ ಸುತ್ತಿಕೊಂಡು ಹೋಗಬೇಕಿತ್ತು. 2017ರ ಮಾರ್ಚ್‌ನಲ್ಲಿ ಶ್ರವಣಬೆಳಗೊಳ, ಕುಣಿಗಲ್, ನೆಲಮಂಗಲದ ಮೇಲೆ ನೇರ ದಾರಿ ಆಯಿತು. ಅದೇ ವರ್ಷ ಜೂನ್‌ನಲ್ಲಿ ನಮ್ಮ ಮೆಟ್ರೋದ ಹಸಿರು ಮಾರ್ಗ ಚಿಕ್ಕಪೇಟೆಯ ನೆಲದಡಿಯಲ್ಲಿ ಓಡತೊಡಗಿತು. ಯಶವಂತಪುರದಲ್ಲಿ ರೈಲು ಇಳಿದು ಮೆಟ್ರೋ ಹತ್ತಿದರೆ ಮೆಜೆಸ್ಟಿಕ್ ಆದ ಮೇಲಿನ ನಿಲ್ದಾಣವೇ ಚಿಕ್ಕಪೇಟೆ. ಗಾಡಿ ಬದಲಾಯಿಸುವ ಗೋಜಿಲ್ಲ, ಆಟೋದವರ ಹತ್ತಿರ ಮಾತಿಲ್ಲ. ಇನ್ನು 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದ ಮೇಲೆ ಕೆಂಪು ಬಸ್ಸಿನಲ್ಲಿ ನಮಗೆ ಟಿಕೆಟ್ ದುಡ್ಡೂ ಇಲ್ಲ. ಸೀಟು ಸಿಗಬೇಕು ಅಷ್ಟೇ. ಬಸ್ಸಿನಲ್ಲಿ ಚನ್ನರಾಯಪಟ್ಟಣ ದಾಟುವ ಹೊತ್ತಿಗೆ ಪಕ್ಕದವರೂ ಜವಳಿಗೇ ಹೊರಟಿದ್ದಾರೆ ಅಂತ ಗೊತ್ತಾಗುತ್ತದೆ, ಕುಣಿಗಲ್ ಬರುವಷ್ಟರಲ್ಲಿ ಯಾವ ಅಂಗಡಿಯಲ್ಲಿ ಎಷ್ಟು ಕಮ್ಮಿ ಮಾಡುತ್ತಾರೆ ಅನ್ನುವುದೆಲ್ಲ ಬಾಯಿಪಾಠ. ಭಾನುವಾರ ಮಾತ್ರ ಹೋಗಬೇಡಿ, ಸಗಟು ಅಂಗಡಿಗಳು ಬಹುತೇಕ ಬಾಗಿಲು ಹಾಕಿರುತ್ತವೆ.

ಚಿಕ್ಕಪೇಟೆಗೆ ನಾನು ಹೊಸದಾಗಿ ಹೊಗಳಿಕೆ ಸೇರಿಸಬೇಕಾಗಿಲ್ಲ. ಕೆಂಪೇಗೌಡರು ಬೆಂಗಳೂರು ಕಟ್ಟಿದಾಗಿನ ಪೇಟೆ, ತಲೆ ಮೇಲೆ ಮೂಟೆ ಹೊತ್ತವರು "ಸೈಡ್, ಸೈಡ್" ಅಂತ ಬರುತ್ತಲೇ ಇರುತ್ತಾರೆ, ನಾವು ಗೋಡೆಗೆ ಅಂಟಿಕೊಳ್ಳುತ್ತಲೇ ಇರಬೇಕು. ಅಲ್ಲಿಂದ ಅವೆನ್ಯೂ ರಸ್ತೆಯ ರಾಜಾ ಮಾರ್ಕೆಟ್ಟಿಗೆ ನಡೆದು ಹೋಗುವಷ್ಟು ದೂರ. ಲೇಸು, ಮಣಿ, ಗುಂಡಿ, ಝರಿ ಇವಕ್ಕೆ ಅದೇ ಜಾಗ. ಒಂದು ಗುಂಡಿ ಅಂಗಡಿಗೆ ನಾನು ಯಾವಾಗಲೂ ಹೋಗುತ್ತೇನೆ. ಇಬ್ಬರು ನಿಂತರೆ ಮೂರನೆಯವರು ಹೊರಗೆ ಕಾಯಬೇಕು, ಅಷ್ಟೇ ಜಾಗ. ನೆಲದಿಂದ ಸೂರಿನವರೆಗೂ ಸಣ್ಣ ಸಣ್ಣ ಡಬ್ಬಿ, ಪ್ರತಿ ಡಬ್ಬಿಯ ಮುಖಕ್ಕೆ ಒಳಗಿರುವ ಗುಂಡಿಯದೇ ಒಂದನ್ನು ದಾರದಲ್ಲಿ ಹೊಲಿದಿದ್ದಾರೆ. ಹೋಗಿ ಜುಬ್ಬಾಕ್ಕೆ ಗುಂಡಿ ಬೇಕು ಅಂದೆ. ಹುಡುಗ ಮೂರು ಥರ ಸುರಿದ. ಒಂದು ಪ್ಲಾಸ್ಟಿಕ್ಕು, ಒಂದು ಮರದ್ದು, ಇನ್ನೊಂದು ತೆಂಗಿನ ಕರಟದ್ದು.

ಕರಟದ ಗುಂಡಿಯನ್ನು ಹತ್ತಿರದಿಂದ ನೋಡಿದ್ದೀರಾ? ಮುಂದಿನ ಮುಖ ನುಣ್ಣಗೆ, ಕಾಫಿ ಬಣ್ಣ. ಹಿಂದೆ ತಿರುಗಿಸಿದರೆ ಕರಟದ ಚುಕ್ಕೆ, ನಾರಿನ ಗೆರೆ ಹಾಗೇ ಉಳಿದಿರುತ್ತದೆ. ಒಂದರ ಹಾಗೆ ಇನ್ನೊಂದು ಇರಲ್ಲ. ಅದನ್ನೇ ಅನುಕರಿಸಿದ ಪ್ಲಾಸ್ಟಿಕ್ ಗುಂಡಿಯಲ್ಲಿ ಎಲ್ಲಕ್ಕೂ ಒಂದೇ ಜಾಗದಲ್ಲಿ ಒಂದೇ ಚುಕ್ಕೆ. ನಾನು ಆರಿಸುತ್ತಾ ನಿಂತಿದ್ದು ನೋಡಿ ಹುಡುಗ, "ಅಕ್ಕ, ಬಿಡಿ ಕೊಡಲ್ಲ, ಡಜನ್ ತಗೊಳ್ಳಿ. ಎಲ್ಲಾ ಒರಿಜಿನಲ್ಲೇ" ಅಂದ.

"ಎಲ್ಲಿಂದಪ್ಪ ಬರೋದು ಇದು?"

"ಮಾಲು ಬರುತ್ತೆ ಅಕ್ಕ, ನಮಗೇನ್ ಗೊತ್ತು. ನಿಮ್ದು ಯಾವೂರು?"

ಹಾಸನ ಅಂದೆ. "ನಿಮ್ಮ ಕಡೆ ತೆಂಗಿನ ತೋಟ ಜಾಸ್ತಿ ಅಲ್ವಾ?" ಅಂದ. ಜಾಸ್ತಿ ಏನು, ಅರಸೀಕೆರೆ, ಚನ್ನರಾಯಪಟ್ಟಣದ ಕಡೆ ಕೊಬ್ಬರಿ ಸುಲಿದ ಮೇಲೆ ಕರಟವನ್ನು ನೀರು ಕಾಯಿಸೋ ಒಲೆಗೆ ಹಾಕುವವರು ಎಷ್ಟು ಜನ! ಅದನ್ನೇ ನಾನು ಬೆಂಗಳೂರಿಗೆ ಹೋಗಿ ದುಡ್ಡು ಕೊಟ್ಟು, ಪೊಟ್ಟಣ ಕಟ್ಟಿಸಿಕೊಂಡು, ಮತ್ತೆ ತೆಂಗಿನ ತೋಟಗಳ ನಡುವೆಯೇ ರೈಲಿನಲ್ಲಿ ಕೂತು ವಾಪಸ್ ತಂದೆ.

ಸೀರೆಯ ವಿಷಯಕ್ಕೆ ನಾನು ಬಾಯಿ ಹಾಕುವುದಿಲ್ಲ, ಅದು ನಮ್ಮ ಅರಕಲಗೂಡಿನ ಚಿಕ್ಕಮ್ಮನ ಇಲಾಖೆ. ಮದುವೆ ಜವಳಿ ಅಂದರೆ ಅವರಿಲ್ಲದೆ ಯಾರೂ ಹೊರಡುವುದಿಲ್ಲ. ಬಿಳಿ ಹಾಸಿನ ಮೇಲೆ ಕಾಲು ಮಡಚಿ ಕೂತು, ಅಂಗಡಿಯವನು ಸೆರಗು ಬಿಡಿಸಿ ಝಗಝಗ ಅನ್ನಿಸಿದ ತಕ್ಷಣ ಅವರು ಮಾಡುವ ಮೊದಲ ಕೆಲಸ ಸೆರಗನ್ನು ಉಲ್ಟಾ ಮಾಡುವುದು. ಹಿಂಬದಿಯಲ್ಲಿ ಸಡಿಲವಾಗಿ ನಿಂತ ಎಳೆಗಳು ಎಷ್ಟಿವೆ, ಬಳೆಗೆ ಸಿಕ್ಕಿಕೊಳ್ಳುತ್ತವಾ, ಅಂಚು ಸೇರುವ ಜಾಗ ಬಿಗಿಯಾಗಿದೆಯಾ ಅಂತ ಬೆರಳಲ್ಲೇ ನೋಡುತ್ತಾರೆ. ಆಮೇಲೆ ಒಂದು ಎಳೆ ಕೇಳುತ್ತಾರೆ. ಸುಟ್ಟರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ರೇಷ್ಮೆ. ಕರಗಿ ಗಟ್ಟಿ ಉಂಡೆಯಾದರೆ ಪಾಲಿಯೆಸ್ಟರ್. ಈಗ ಕೇಂದ್ರ ರೇಷ್ಮೆ ಮಂಡಳಿಯವರ ಸಿಲ್ಕ್ ಮಾರ್ಕ್ ಚೀಟಿ ಇರುತ್ತದೆ, ಮೈಸೂರು ಸಿಲ್ಕ್ ಆದರೆ ಸರ್ಕಾರದ ರೇಷ್ಮೆ ನಿಗಮ ಕೆಎಸ್‌ಐಸಿಯವರು ಸೀರೆ ಸೀರೆಗೂ ಬೇರೆ ಸಂಖ್ಯೆಯನ್ನೇ ಹಾಕಿರುತ್ತಾರೆ. 1912ರಿಂದ ನಡೆದು ಬಂದ ಕಾರ್ಖಾನೆಯದು, ಅಲ್ಲಿ ಎಳೆ ಸುಡುವ ಮಾತೇ ಇಲ್ಲ, ಚೌಕಾಸಿಯೂ ಇಲ್ಲ, ಸೀರೆ ಸಿಕ್ಕರೆ ಪುಣ್ಯ. ಚಿಕ್ಕಮ್ಮನಿಗೆ ಅದಕ್ಕೇ ಆ ಅಂಗಡಿ ಬೇಜಾರು.

"ನೋಡಪ್ಪ, ನಾವೇನು ಒಂದು ಸೀರೆಗೆ ಬಂದಿಲ್ಲ, ನೋಡ್ಕೊಂಡು ಹೇಳು" ಅಂತ ಅವರು ಶುರು ಮಾಡಿದರೆ, "ಅಮ್ಮ, ಬೋಣಿ ಟೈಮಲ್ಲಿ ಹಿಂಗೆ ಕೇಳಿದ್ರೆ ಹೆಂಗೆ?" ಅಂತ ಅವನು. ಹನ್ನೆರಡು ಗಂಟೆಗೆ ಎಂಥ ಬೋಣಿ ಅಂತ ನಾನು ಬಾಯಿ ಬಿಡುವಷ್ಟರಲ್ಲಿ ಚಿಕ್ಕಮ್ಮ ಮೊಣಕೈಯಲ್ಲಿ ತಿವಿಯುತ್ತಾರೆ. ವ್ಯಾಪಾರ ಕುದುರುವ ಹೊತ್ತಿಗೆ ಕಾಫಿ ಬರುತ್ತದೆ. ಕಾಫಿ ಕುಡಿದ ಮೇಲೆ ಎದ್ದು ಹೋಗೋಕೆ ಚಿಕ್ಕಮ್ಮನಿಗೆ ಯಾವ ಸಂಕೋಚವೂ ಇಲ್ಲ, ನನಗಿದೆ. ಅದಕ್ಕೇ ಅವರು ನನ್ನನ್ನು ಕಾಫಿ ಬೇಡ ಅನ್ನು ಅಂತ ಮೊದಲೇ ತಯಾರು ಮಾಡಿರುತ್ತಾರೆ.

ನನಗೆ ಅಲ್ಲಿ ಎಲ್ಲಕ್ಕಿಂತ ಹಿಡಿಸುವುದು ಲೇಬಲ್ ಕತ್ತರಿಸಿದ ಬಟ್ಟೆ. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗಳಲ್ಲಿ ಹೊರದೇಶದ ಬ್ರ್ಯಾಂಡುಗಳಿಗೆ ಬಟ್ಟೆ ಹೊಲಿಯುತ್ತಾರಲ್ಲ, ಆರ್ಡರ್ ಕೊಟ್ಟದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಕತ್ತರಿಸಿರುತ್ತಾರೆ, ಎಲ್ಲೋ ಕೆಲವು ಕೆಡುತ್ತವೆ ಅಂತ. ಕೆಡದೆ ಉಳಿದದ್ದು, ಬಣ್ಣದ ಛಾಯೆ ಕೂದಲೆಳೆಯಷ್ಟು ಬೇರೆ ಬಂದದ್ದು, ಸೈಜಿನ ಚೀಟಿ ತಪ್ಪಾಗಿ ಕೂತದ್ದು, ಹಡಗಿಗೆ ತಡವಾಗಿ ಹೋದದ್ದು ಇವೆಲ್ಲ ಹೊರಗೆ ಬರುತ್ತವೆ. ಬ್ರ್ಯಾಂಡಿನವರಿಗೆ ತಮ್ಮ ಹೆಸರಲ್ಲಿ ಅಗ್ಗಕ್ಕೆ ಮಾರಾಟ ಆಗುವುದು ಬೇಡ. ಅದಕ್ಕೇ ಕುತ್ತಿಗೆಯ ಚೀಟಿಗೆ ಕತ್ತರಿ ಬಿದ್ದಿರುತ್ತದೆ. ಎಕ್ಸ್‌ಪೋರ್ಟ್ ಸರ್‌ಪ್ಲಸ್ ಅಂತ ಬೋರ್ಡ್ ಹಾಕಿದ್ದೆಲ್ಲ ನಿಜವಾದ ಸರ್‌ಪ್ಲಸ್ ಅಲ್ಲ, ಅದಕ್ಕಂತಲೇ ಹೊಲಿದು, ಅದಕ್ಕಂತಲೇ ಚೀಟಿ ಕತ್ತರಿಸಿಟ್ಟವೂ ಇರುತ್ತವೆ.

ಹಾಗಾಗಿ ಹೆಸರಿಲ್ಲದ ಶರ್ಟನ್ನು ಕೈಯಲ್ಲಿ ಹಿಡಿದಾಗ ಹೊಲಿಗೆಯನ್ನೇ ನೋಡಬೇಕು. ಚೌಕಳಿ ಶರ್ಟಾದರೆ ಜೇಬಿನ ಗೆರೆ ಎದೆಯ ಗೆರೆಗೆ ಸರಿಯಾಗಿ ಕೂತಿದೆಯಾ? ಗುಂಡಿ ಪಟ್ಟಿಯ ಎಡಬಲ ಗೆರೆ ಸೇರಿದೆಯಾ? ಒಳಗಡೆ ಪಕ್ಕದ ಹೊಲಿಗೆಯಲ್ಲಿ ಬಟ್ಟೆಯ ತುದಿ ಕಾಣದ ಹಾಗೆ ಮಡಚಿ ಹೊಲಿದಿದ್ದಾರಾ, ಬರೀ ಓವರ್‌ಲಾಕ್ ಹೊಡೆದು ಬಿಟ್ಟಿದ್ದಾರಾ? ಕಾಜಾದ ಸುತ್ತ ದಾರ ಬಿಗಿಯಾಗಿದೆಯಾ? ಕೆಳಗಡೆ ಒಂದು ಗುಂಡಿ ಹೆಚ್ಚಿಗೆ ಹೊಲಿದಿದ್ದಾರಾ? ಇದನ್ನು ಕಲಿತ ಮೇಲೆ ದೊಡ್ಡ ಶೋರೂಮಿಗೆ ಹೋದರೂ ನನ್ನ ಕೈ ಸುಮ್ಮನಿರುವುದಿಲ್ಲ. ಮೂರು ಸಾವಿರದ ಶರ್ಟನ್ನೂ ಒಳಗೆ ಹೊರಗೆ ಮಾಡಿ ನೋಡುತ್ತೇನೆ. ಸೇಲ್ಸ್ ಹುಡುಗಿ ಏನೋ ಕಲೆ ಕಂಡಿರಬೇಕು ಅಂದುಕೊಂಡು ಓಡಿ ಬರುತ್ತಾಳೆ.

ಗಾರ್ಮೆಂಟ್ಸ್ ಅಂದಾಗ ಬೆಂಗಳೂರಿನ ಕಡೆ ಯಾಕೆ ನೋಡಬೇಕು, ನಮ್ಮೂರಲ್ಲೇ ಇದೆ. ಹಾಸನದ ಹೊರಗೆ ರಫ್ತಿಗಂತಲೇ ಮಾಡಿದ ಜವಳಿ ಎಸ್‌ಇಝಡ್‌ನಲ್ಲಿ ಹಿಮತ್‌ಸಿಂಗ್ಕಾ ಕಂಪನಿಯವರು ಹಾಸಿಗೆ ಹೊದಿಕೆ, ಟರ್ಕಿ ಟವೆಲ್ ಮಾಡುತ್ತಾರೆ. ನೂಲು ತೆಗೆಯುವ ಗಿರಣಿಯೂ ಅಲ್ಲೇ, ಎರಡು ಲಕ್ಷಕ್ಕೂ ಮೀರಿದ ಕದಿರುಗಳದ್ದು. ಕೆಲ್ವಿನ್ ಕ್ಲೈನ್, ಟಾಮಿ ಹಿಲ್‌ಫಿಗರ್ ಹೆಸರಿನ ಹೊದಿಕೆಗಳಿಗೆ ಲೈಸೆನ್ಸ್ ಪಡೆದ ಕಂಪನಿ ಅದು, ಮಾಲು ಬಹುಪಾಲು ಅಮೆರಿಕದಂಥ ಕಡೆಗೆ. ಬೆಳಗ್ಗೆ ಹೊತ್ತಿಗೆ ಮುಂಚೆ ಹಳ್ಳಿ ಹಳ್ಳಿಯಿಂದ ಗಾರ್ಮೆಂಟ್ಸ್ ಬಸ್ಸುಗಳು ಬರುತ್ತವೆ, ಹೆಣ್ಣುಮಕ್ಕಳು ಕಿಟಕಿಗೆ ತಲೆ ಆನಿಸಿಕೊಂಡು ಅರ್ಧ ನಿದ್ದೆಯಲ್ಲಿರುತ್ತಾರೆ. ನಮ್ಮ ಪಕ್ಕದ ಬೀದಿಯ ಒಬ್ಬಳು ಅಂಥದೇ ಕೆಲಸಕ್ಕೆ ಹೋಗುವವಳು. ಅವಳ ಕೈಗೆ ನನ್ನ ಹೊಸ ಬೆಡ್‌ಶೀಟ್ ಕೊಟ್ಟೆ. ಬಣ್ಣ ನೋಡಲಿಲ್ಲ, ಹೂವು ನೋಡಲಿಲ್ಲ, ನೇರ ಮೂಲೆಗೆ ಹೋಗಿ ಮಡಿಕೆ ತಿರುಗಿಸಿ, "ಮೂಲೆ ಸರಿಯಾಗಿ ಕೂತಿಲ್ಲ ಅಕ್ಕ, ನಮ್ಮಲ್ಲಾಗಿದ್ರೆ ವಾಪಸ್ ಕಳಿಸ್ತಿದ್ರು" ಅಂದಳು. ಇಂಥ ಕಣ್ಣು ನಮ್ಮೂರಲ್ಲಿ ಸಾವಿರಾರು ಜನಕ್ಕಿದೆ. ಆದರೂ ಹಾಸನದ ಹೆಸರು ಹೊತ್ತ ಒಂದು ಬೆಡ್‌ಶೀಟ್ ಹಾಸನದ ಯಾವ ಅಂಗಡಿಯ ಕಪಾಟಿನಲ್ಲೂ ನನಗೆ ಕಂಡಿಲ್ಲ.

ಹೆಸರು ಹೇಳಿಕೊಂಡು ಮಾರುವ ನಮ್ಮವರು ಇಲ್ಲವೇ ಇಲ್ಲ ಅಂತಲ್ಲ. ಮಲೆನಾಡಿನ ಹೆಗ್ಗೋಡಿನಲ್ಲಿ ಕೈಮಗ್ಗ ನಡೆಸುವ ಚರಕ ಸಂಘದವರು ನೇಯ್ದು ಹೊಲಿದ ಬಟ್ಟೆ ಬೆಂಗಳೂರಿನ 'ದೇಸಿ' ಹೆಸರಿನ ಅಂಗಡಿಗಳಲ್ಲಿ ಸಿಗುತ್ತದೆ. ಅಡಿಕೆ ಬೇಯಿಸಿದ ಚೊಗರಿನಲ್ಲಿ ಅದ್ದಿದ ಆ ಕಂದುಗೆಂಪು ಬಣ್ಣ ಒಗೆದಷ್ಟೂ ಹದವಾಗುತ್ತದೆ, ಮಲೆನಾಡಿನವರಿಗೆ ಆ ಕಲೆ ಬಟ್ಟೆಯ ಮೇಲೆ ಬಿದ್ದರೆ ಹೋಗಲ್ಲ ಅಂತ ಮೊದಲೇ ಗೊತ್ತು. 2017ರಲ್ಲಿ ಕೈಯಿಂದ ಮಾಡಿದ ವಸ್ತುಗಳಿಗೆ ಜಿಎಸ್‌ಟಿ ಹಾಕಬಾರದು ಅಂತ ರಂಗಕರ್ಮಿ ಪ್ರಸನ್ನ ಅವರು ಕರ ನಿರಾಕರಣೆ ಸತ್ಯಾಗ್ರಹ ನಡೆಸಿದ್ದು ಈ ಬಟ್ಟೆಗಳ ಪರವಾಗಿಯೇ. ಆ ತೆರಿಗೆಯ ಲೆಕ್ಕ ಈಗ ಬದಲಾಗಿದೆ. ಸಾವಿರದವರೆಗಿನ ಉಡುಪಿಗೆ ಶೇಕಡಾ 5, ಮೇಲಿನದಕ್ಕೆ 12 ಅಂತಿತ್ತು. 2025ರ ಸೆಪ್ಟೆಂಬರ್ 22ರಿಂದ 2500ರವರೆಗೂ 5, ಅದರ ಮೇಲೆ 18. ದಿನ ಬಳಕೆಯ ಬಟ್ಟೆ ಕೊಳ್ಳುವವರಿಗೆ ಒಳ್ಳೇದಾಯಿತು. ಒಳ್ಳೆಯ ಕೈಕೆಲಸದ್ದು 2500 ದಾಟುವುದು ಎಷ್ಟು ಹೊತ್ತು?

ಯಾವಾಗ ಹೋಗಬೇಕು ಅಂತ ಕೇಳುವವರಿಗೆ ನನ್ನ ಉತ್ತರ ಆಷಾಢ. ಮಾಲ್‌ಗಳವರು ಜನವರಿ, ಜುಲೈ ಅಂತ ಸೀಸನ್ ಲೆಕ್ಕ ಹಾಕಿಕೊಂಡಿರಲಿ, ನಮ್ಮ ಕಡೆ ಮದುವೆ ಮುಂಜಿ ನಿಂತ ತಿಂಗಳಲ್ಲೇ ಜವಳಿ ಅಂಗಡಿಯವರು ಮೆತ್ತಗಾಗುವುದು. ಶ್ರಾವಣ ಬಂದು ವರಮಹಾಲಕ್ಷ್ಮಿ ಹಬ್ಬ ಹತ್ತಿರವಾದರೆ ಅದೇ ಸೀರೆಗೆ ಅದೇ ಮನುಷ್ಯ ಮಾತಾಡಿಸುವುದಿಲ್ಲ.

ತಂದದ್ದನ್ನು ಹೊಲಿಸುವುದು ಇನ್ನೊಂದು ಕಥೆ. ಹಾಸನದಲ್ಲಿ ಒಳ್ಳೆಯ ಟೈಲರುಗಳು ಕಮ್ಮಿಯಾಗುತ್ತಿದ್ದಾರೆ, ಇರುವವರ ಮುಂದೆ ಆಲ್ಟರೇಶನ್ ರಾಶಿ. ರೆಡಿಮೇಡ್ ಬಟ್ಟೆ ನಮ್ಮ ಮೈಗೆ ಎಲ್ಲಿ ಕೂರುತ್ತೆ? ಒಂದು ಬ್ರ್ಯಾಂಡಿನ ಎಲ್ ಇನ್ನೊಂದರ ಎಂ. ಭಾರತದವರ ಮೈಯಳತೆಗೆ ಅಂತ ಫ್ಯಾಷನ್ ಕಾಲೇಜಾದ ನಿಫ್ಟ್‌ನವರು ಆರು ನಗರಗಳಲ್ಲಿ 25 ಸಾವಿರ ಜನರ ಅಳತೆ ತೆಗೆಯುವ ಯೋಜನೆಯನ್ನೇ ಹಾಕಿಕೊಂಡರು, ಬೆಂಗಳೂರೂ ಅದರಲ್ಲಿ ಒಂದು. ಆ ಅಳತೆಯ ಬಟ್ಟೆ ಬರುವವರೆಗೂ ಭುಜ ಇಳಿಸಲು, ಸೊಂಟ ಹಿಡಿಯಲು ಟೈಲರೇ ಗತಿ. ನಮ್ಮ ಟೈಲರಮ್ಮ ನನ್ನ ಚಿಕ್ಕಪೇಟೆ ಗಂಟು ಬಿಚ್ಚಿ, ಬಟ್ಟೆಯನ್ನು ಬೆಳಕಿಗೆ ಹಿಡಿದು, ಪನ್ನ ಅಳೆದು, ಕರಟದ ಗುಂಡಿಗಳನ್ನು ಒಂದೊಂದಾಗಿ ಎಣಿಸಿದರು. "ಬಟ್ಟೆ ಚೆನ್ನಾಗಿದೆ. ಗುಂಡಿ ಇನ್ನೂ ಚೆನ್ನಾಗಿದೆ. ಆದ್ರೆ ಈಗ ಆಗಲ್ಲ" ಅಂದರು.

"ಗೌರಿ ಹಬ್ಬಕ್ಕಾದ್ರೂ?"

"ಯಾವ ವರ್ಷದ ಗೌರಿ ಹಬ್ಬ ಅಂತ ನಾನು ಹೇಳಲ್ಲಮ್ಮ, ಅಳತೆ ರವಿಕೆ ಇಟ್ಟು ಹೋಗಿ" ಅಂದರು. ಇಟ್ಟು ಬಂದಿದ್ದೇನೆ.